ಹದಿನಾರು ಪುಟದ ಹಡಗು

ಗೋಂದಪ್ಪನ ನಿಜವಾದ ಹೆಸರು ಅವನ ಹೆಂಡತಿಗೂ ಮರೆತುಹೋಗಿದೆ ಅಂತ ಬೀದಿಯಲ್ಲೊಂದು ಮಾತಿತ್ತು. ಪುಸ್ತಕಕ್ಕೆ ಬೈಂಡಿಂಗ್ ಮಾಡೋ ಕಸುಬು, ಬೆರಳಿಗೆ ಯಾವಾಗಲೂ ಗೋಂದು. ಯಾರ ಕೈಯಾದರೂ ಕುಲುಕಿದರೆ ಬಿಡಿಸಿಕೊಳ್ಳೋಕೆ ಸ್ವಲ್ಪ ಹೊತ್ತು ಬೇಕಾಗ್ತಿತ್ತು. ಮಾತೂ ಹಾಗೇ, ಒಂದು ಸಲ ಅಂಟಿಕೊಂಡರೆ ಬಿಡ್ತಿರಲಿಲ್ಲ.

ಮನುಷ್ಯ ಕೆಟ್ಟವನೇನಲ್ಲ. ಒಂದೇ ಚಟ, ಓದದ ಪುಸ್ತಕದ ಬಗ್ಗೆ ಅಭಿಪ್ರಾಯ ಕೊಡೋದು. "ನನ್ನ ಕೈದಾಟಿ ಹೋಗದ ಪುಸ್ತಕ ಯಾವುದಿದೆ ಹೇಳ್ರೀ!" ಅಂತ ಎದೆ ತಟ್ಟಿಕೊಳ್ತಿದ್ದ. ಸುಳ್ಳಲ್ಲ. ಕೈದಾಟಿದ್ದವು ಸಾವಿರಾರು, ಕಣ್ಣು ದಾಟಿದ್ದು ಮಾತ್ರ ಒಂದೂ ಇಲ್ಲ. ದಪ್ಪ ಪುಸ್ತಕವಾದರೆ ಅಂಗೈಯಲ್ಲಿ ತೂಗಿ "ಗಂಭೀರವಾದ ಕೃತಿ" ಅನ್ನೋನು. ತೆಳ್ಳಗಿದ್ದರೆ "ಕವನ ಇರಬೇಕು, ಪಾಪ" ಅನ್ನೋನು. ಎಷ್ಟೋ ಸಲ ಅದು ಸರಿಯಾಗೇ ಇರ್ತಿತ್ತು. ಹಾಗಾಗಿ ಬೀದಿಯವರೆಲ್ಲ ಅವನನ್ನ ಬಹಳ ಓದಿಕೊಂಡವನು ಅಂತಲೇ ನಂಬಿದ್ದರು.

ಅಂಗಡಿ ಅಂದರೆ ಒಂದೇ ಉದ್ದನೆಯ ಕೋಣೆ. ಎರಡು ಮೇಜು, ಗೋಂದು ಕಾಯಿಸೋ ಒಲೆ, ಗೋಡೆಯುದ್ದಕ್ಕೂ ರಟ್ಟಿನ ರಾಶಿ, ಬಾಗಿಲ ಪಕ್ಕದಲ್ಲಿ ಕಟಿಂಗ್ ಮಷೀನು. ಗೋಂದಪ್ಪನ ಅಪ್ಪ ತಂದಿದ್ದು ಅದು. ಆಳೆತ್ತರದ ಕಬ್ಬಿಣ, ಪಕ್ಕಕ್ಕೊಂದು ದೊಡ್ಡ ಚಕ್ರ. ಚಕ್ರ ತಿರುಗಿಸಿದರೆ ಬ್ಲೇಡು ಇಳಿದು ಪುಸ್ತಕದ ಕಟ್ಟಿನ ಅಂಚನ್ನ ಒಂದೇ ಏಟಿಗೆ ಕೊಯ್ದುಹಾಕುತ್ತೆ. ಅಪ್ಪನ ಕಾಲದಿಂದಲೂ ಅಂಗಡಿಗೊಂದು ಕಾನೂನು. ಹೆಂಗಸರು ಹಾಳೆ ಮಡಿಸಬೇಕು, ಹೊಲಿಯಬೇಕು, ಗೋಂದು ಕಾಯಿಸಬೇಕು. ಚಕ್ರ ಮುಟ್ಟೋದು ಗಂಡಸರು. ಯಾಕೆ ಅಂತ ಕೇಳಿದರೆ ಗೋಂದಪ್ಪ, "ಯಾಕೆ ಅಂತ ಕೇಳಬಾರದು, ಅದಕ್ಕೇ," ಅಂತಿದ್ದ. ಅವನು ತನ್ನ ಅಪ್ಪನನ್ನ ಕೇಳಿದಾಗ ಸಿಕ್ಕಿದ ಉತ್ತರವೂ ಅದೇ.

ಹಾಗೆ ಕೇಳ್ತಿದ್ದವಳು ಅವನ ಒಬ್ಬಳೇ ಮಗಳು. ಹಾಳೆ ಮಡಿಸುತ್ತಲೇ ಬೆಳೆದವಳು, ಕಾಲೇಜು ಮುಗಿಸಿ ಮತ್ತೆ ಅದೇ ಮೇಜಿಗೆ ಬಂದು ಕೂತಿದ್ದಳು. "ಅಪ್ಪಾ, ನನಗೆ ಮಷೀನು ಕಲಿಸು. ಅಂಗಡಿ ನಾನು ನಡೆಸ್ತೀನಿ," ಅಂತ ಅವಳ ಪಟ್ಟು. ಗೋಂದಪ್ಪನ ಮೊಣಕಾಲು ಮೊದಲಿನ ಹಾಗಿರಲಿಲ್ಲ, ಯಾರಿಗಾದರೂ ಕಲಿಸಲೇಬೇಕಿತ್ತು. ಆದರೆ ಅವನು ಆರಿಸಿದ್ದು ತನ್ನ ಅಣ್ಣನ ಮಗನನ್ನ. ಆ ಹುಡುಗನಿಗೆ ಮಷೀನಿನ ಬಗ್ಗೆ ಗೊತ್ತಿದ್ದದ್ದು ಒಂದೇ ವಿಷಯ, ಅದರ ಮೇಲೆ ಚಹಾದ ಲೋಟ ಇಟ್ಟರೆ ಅಲ್ಲಾಡಲ್ಲ ಅನ್ನೋದು. "ಏನೇ ಆಗಲಿ ಗಂಡು ಹುಡುಗ, ನಿಧಾನಕ್ಕೆ ಕಲೀತಾನೆ," ಅಂತ ಗೋಂದಪ್ಪ ಸಮಾಧಾನ ಮಾಡಿಕೊಂಡಿದ್ದ. ಮುಂದಿನ ತಿಂಗಳು ಅಂಗಡಿಯ ಬೀಗದ ಕೈ ಹುಡುಗನಿಗೆ ಅಂತ ಮನೆಯಲ್ಲಿ ಮಾತೂ ಆಗಿತ್ತು.

"ಹಾಗಾದರೆ ಮುಂದಿನ ತಿಂಗಳು ನಾನು ಬೇರೆ ಕಡೆ ಕೆಲಸಕ್ಕೆ ಸೇರ್ತೀನಿ. ಕೇಳಿಕೊಂಡು ಬಂದಿದ್ದೀನಿ, ಬಾ ಅಂದಿದ್ದಾರೆ," ಅಂದಿದ್ದಳು ಮಗಳು. ಜಗಳ ಆಡಲಿಲ್ಲ, ಅಳಲಿಲ್ಲ. ಜಗಳ ಆಡಿದ್ದರೆ ಗೋಂದಪ್ಪನಿಗೆ ಸುಲಭವಾಗ್ತಿತ್ತು.

ಇಂಥ ಹೊತ್ತಲ್ಲಿ ಶಾಲೆಯ ಓದುಕೂಟದಿಂದ ಆರ್ಡರ್ ಬಂತು. ಹಿಂದಿನ ಕಾಲದ ಯಾರೋ ದೊಡ್ಡ ಲೇಖಕರು ಮಕ್ಕಳಿಗೆ ಅಂತ ಎರಡು ಕಾದಂಬರಿ ಬರೆದಿದ್ದರು. ಒಂದು ಗಂಡುಮಕ್ಕಳಿಗೆ, ಇನ್ನೊಂದು ಹೆಣ್ಣುಮಕ್ಕಳಿಗೆ. ಮೊದಲನೆಯದರಲ್ಲಿ ನಾವಿಕನ ಮಗನೊಬ್ಬ ಹಡಗು ಹತ್ತಿ ಬಿರುಗಾಳಿ, ಕಡಲುಗಳ್ಳರು ಎಲ್ಲ ಗೆದ್ದು ಬರ್ತಾನೆ, ಒಂದು ಸಲವೂ ಕಣ್ಣಲ್ಲಿ ನೀರು ಹಾಕಲ್ಲ. ಎರಡನೆಯದರಲ್ಲಿ ವಕೀಲರ ಮಗಳೊಬ್ಬಳು ಮನೆಯಲ್ಲೇ ಕೂತು ಕರವಸ್ತ್ರಕ್ಕೆ ಕಸೂತಿ ಹಾಕಿ, ಕಾಯಿಲೆಯ ತಾಯಿಯನ್ನ ನೋಡಿಕೊಂಡು, ಕೊನೆಗೆ ಎಲ್ಲರಿಂದಲೂ ತಾಳ್ಮೆಯ ಹುಡುಗಿ ಅನ್ನಿಸಿಕೊಳ್ತಾಳೆ. ಅಂಗಡಿಯಲ್ಲಿ ಅವಕ್ಕೆ ಹಡಗಿನ ಪುಸ್ತಕ, ಸೂಜಿದಾರದ ಪುಸ್ತಕ ಅಂತ ಹೆಸರಾಯಿತು.

ಪ್ರೆಸ್ಸಿನಿಂದ ಬರೋ ದೊಡ್ಡ ಹಾಳೆಯನ್ನ ಮಡಿಸಿದರೆ ಹದಿನಾರು ಪುಟ ಆಗುತ್ತೆ, ಅದಕ್ಕೆ ಫಾರಂ ಅಂತಾರೆ. ಪ್ರತಿ ಫಾರಂನ ಅಡಿಯಲ್ಲಿ ಒಂದು, ಎರಡು ಅಂತ ನಂಬರು. ಮೇಜಿನ ಮೇಲೆ ಸಾಲಾಗಿಟ್ಟು ನಂಬರಿನ ಪ್ರಕಾರ ಎತ್ತಿಕೊಂಡು ಹೋದರೆ ಪುಸ್ತಕ. ಒಂದು ಮೇಜಿನಲ್ಲಿ ಹಡಗು, ಇನ್ನೊಂದರಲ್ಲಿ ಸೂಜಿದಾರ. ಎರಡೂ ಒಂದೇ ಅಳತೆ, ಒಂದೇ ಅಕ್ಷರ, ಎರಡೂ 'ನಾನು, ನಾನು' ಅಂತ ಹೇಳಿಕೊಳ್ಳೋ ಕಥೆ. ಫ್ಯಾನಿನ ಗಾಳಿಗೆ ಐದನೇ ಫಾರಂಗಳು ಹಾರ್ತಿದ್ದವು ಅಂತ ಗೋಂದಪ್ಪ ಎರಡೂ ಮೇಜಿನವನ್ನ ಎತ್ತಿ ಕಿಟಕಿಯ ಹತ್ತಿರ ಇಟ್ಟ. ವಾಪಸ್ ತಂದಿಡುವಾಗ ಅಲ್ಲಿಯದು ಇಲ್ಲಿಗೆ ಬಂತು, ಇಲ್ಲಿಯದು ಅಲ್ಲಿಗೆ ಹೋಯಿತು.

ಹೊಲಿಯೋಕೆ ಕೂತಿದ್ದ ಮಗಳು ತಲೆಯೆತ್ತಿದಳು. "ಅಪ್ಪಾ, ಐದನೇದು ಒಂದು ಸಲ ಓದಿ ನೋಡು. ಅದಲುಬದಲಾಗಿರೋ ಹಾಗಿದೆ."

"ನಂಬರೆಷ್ಟಿದೆ?"

"ಐದು."

"ಎಷ್ಟಿರಬೇಕು?"

"ಐದೇ. ಆದರೆ..."

"ಆದರೆ ಗೀದರೆ ಇಲ್ಲ. ಓದಿ ಓದಿ ಜೋಡಿಸ್ತಾ ಕೂತರೆ ನಮ್ಮನೆ ಒಲೆ ಉರಿಯುತ್ತಾ? ಹೊಲಿ ನೀನು."

ಅವಳು ಅಪ್ಪನ ಮುಖವನ್ನೇ ಒಂದು ಕ್ಷಣ ನೋಡಿದಳು. ಆಮೇಲೆ ಹೊಲಿದಳು.

ಮೊದಲ ಪೆಟ್ಟು ಬಿದ್ದದ್ದು ಹಳೇ ಮೇಷ್ಟ್ರಿಗೆ. ರಿಟೈರಾದ ಹೆಡ್‌ಮೇಷ್ಟ್ರು, ಜ್ಞಾಪಕಶಕ್ತಿಗೆ ಹೆಸರಾದವರು, ಹಡಗಿನ ಪುಸ್ತಕ ಅವರಿಗೆ ಚಿಕ್ಕಂದಿನಿಂದ ಬಾಯಿಪಾಠ. ಹೊಸ ಪ್ರತಿ ಬಂದಿದೆ ಅಂತ ಕೇಳಿ ಖುಷಿಯಿಂದ ತೆಗೆದು ಓದಿದರು. ಅರವತ್ತನಾಲ್ಕನೇ ಪುಟದಲ್ಲಿ ನಾವಿಕನ ಮಗ ಬಿರುಗಾಳಿಗೆ ಎದೆಯೊಡ್ಡಿ ಚುಕ್ಕಾಣಿ ಹಿಡಿದಿದ್ದ. ಅರವತ್ತೈದನೇ ಪುಟಕ್ಕೆ ತಿರುಗಿಸಿದರೆ ಅಂಗಿಯ ಗುಂಡಿ ಹೊಲೀತಾ, ಅಮ್ಮನ ಹಾಸಿಗೆಯ ಪಕ್ಕ ಕೂತು ಬಿಕ್ಕಿ ಬಿಕ್ಕಿ ಅಳ್ತಿದ್ದ. ಎಂಬತ್ತೊಂದನೇ ಪುಟದಲ್ಲಿ ಬಿರುಗಾಳಿ ನಿಂತಿತ್ತು, ಎಲ್ಲರೂ ಅವನಿಗೆ ಜೈಕಾರ ಹಾಕ್ತಿದ್ದರು. ಮೇಷ್ಟ್ರು ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ಹೋಗಿ ಮುಖ ತೊಳೆದು ಬಂದು ಮತ್ತೂ ಒಂದು ಸಲ ಓದಿದರು. ಆಮೇಲೆ ಯಾರಿಗೂ ಹೇಳದೆ ಡಾಕ್ಟರ ಹತ್ತಿರ ಹೋದರು.

"ಇವತ್ತು ಯಾವ ವಾರ ಹೇಳಿ ನೋಡೋಣ," ಅಂದರು ಡಾಕ್ಟರು.

"ವಾರ ಬಿಡಿ ಡಾಕ್ಟ್ರೇ. ನಾವಿಕನ ಮಗ ಗುಂಡಿ ಹೊಲಿದದ್ದು ಯಾವಾಗ, ಅದು ಹೇಳಿ!"

ಡಾಕ್ಟರು ದೊಡ್ಡ ಗುಳಿಗೆ ಬರೆದುಕೊಟ್ಟರು. ಸಂಜೆಯಷ್ಟರಲ್ಲಿ ಮೇಷ್ಟ್ರಿಗೆ ಅರುಳುಮರುಳು ಅಂತ ಬೀದಿಯೆಲ್ಲ ಸುದ್ದಿ. ಅವರ ಹೆಂಡತಿ ಗ್ಯಾಸ್ ಒಲೆಯ ಹತ್ತಿರ ಅವರನ್ನ ಬಿಡೋದೇ ನಿಲ್ಲಿಸಿದರು.

ಆಮೇಲೆ ಓದುಕೂಟ ನಡೆಸೋ ಟೀಚರಮ್ಮ ಅಂಗಡಿಗೇ ಬಂದರು, ಕೈಯಲ್ಲಿ ಎರಡೂ ಪುಸ್ತಕ. ದೂರದಿಂದಲೇ ನೋಡಿದ ಗೋಂದಪ್ಪನಿಗೆ ಮಗಳು ಹೇಳಿದ್ದು ಆಗ ನೆನಪಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ತಪ್ಪನ್ನ ಪ್ರೆಸ್ಸಿನವರ ತಲೆಗೆ ಕಟ್ಟೋದಾ, ಫ್ಯಾನಿನ ತಲೆಗೆ ಕಟ್ಟೋದಾ ಅಂತ ಯೋಚನೆ ಮಾಡ್ತಾ ನಿಂತ.

"ಇದನ್ನ ಮಾಡಿದ್ದು ನೀವೇನಾ?" ಅಂದರು ಟೀಚರಮ್ಮ.

"ಅದು... ಗಾಳಿ..."

"ಎಂಥಾ ಹೊಸ ಗಾಳಿ ಸಾರ್! ನಾನಂತೂ ಮೂಕಳಾಗಿಹೋದೆ."

ಟೀಚರಮ್ಮನೇ ಎಲ್ಲ ಹೇಳಿದರು. ಹೋದ ವರ್ಷ ಹಳೇ ಪ್ರತಿ ಓದಿಸಿದಾಗ ಹೆಣ್ಣುಮಕ್ಕಳು ಸೂಜಿದಾರದ ಪುಸ್ತಕ ಮುಟ್ಟೋಕೇ ಒಪ್ಪಿರಲಿಲ್ಲವಂತೆ. "ಮಿಸ್, ಇವಳು ಮನೆಯಿಂದ ಹೊರಗೆ ಹೋಗೋದು ಯಾವಾಗ?" ಅಂತ ಕೇಳಿದರಂತೆ. "ಗೇಟಿನ ತನಕ ಹೋಗ್ತಾಳಲ್ಲ, ಕೊನೇ ಪಾಠದಲ್ಲಿ," ಅಂತ ಸಮಜಾಯಿಷಿ ಕೊಟ್ಟು ಇವರಿಗೇ ನಾಚಿಕೆಯಾಗಿತ್ತಂತೆ. ಈ ವರ್ಷ ಅದೇ ಹುಡುಗಿ ಕಸೂತಿ ಹಾಕ್ತಾ ಹಾಕ್ತಾ ಅರವತ್ತೈದನೇ ಪುಟದಲ್ಲಿ ಹಗ್ಗ ಹಿಡಿದು ಹಡಗಿನ ಕಂಬ ಹತ್ತಿಬಿಟ್ಟಿದ್ದಾಳೆ. ಹೇಗೆ ಹೋದಳು ಅಂತ ಒಂದು ಮಗುವೂ ಕೇಳಲಿಲ್ಲ. ಗಂಡು ವೇಷ ಹಾಕಿಕೊಂಡು, ಹೆಸರು ಬದಲಾಯಿಸಿಕೊಂಡು, ಹಿತ್ತಲ ಬಾಗಿಲಿಂದ ಹೋದಳು ಅಂತ ಅವರವರೇ ತೀರ್ಮಾನ ಮಾಡಿಕೊಂಡಿದ್ದಾರೆ. ಹಡಗಿನ ಪುಸ್ತಕದಲ್ಲಿ ಹುಡುಗ ಅತ್ತದ್ದಕ್ಕೇ ಬಿರುಗಾಳಿ ನಿಂತಿತು ಅಂತಲೂ.

"ಹಳೇ ಪುಸ್ತಕವನ್ನ ಎಸೆಯಲೂ ಇಲ್ಲ, ತಲೆ ಮೇಲೆ ಹೊತ್ತುಕೊಳ್ಳಲೂ ಇಲ್ಲ. ಒಂದೇ ಒಂದು ಫಾರಂ ಬದಲಾಯಿಸಿ ಎಲ್ಲ ಹೇಳಿಬಿಟ್ಟಿರಿ. ಬೇಕೂಂತಲೇ ಮಾಡಿದ್ದು ತಾನೇ?"

ಬೇಲಿ ಹಾರೋಕೆ ಹೋದವನಿಗೆ ಗೇಟೇ ತೆರೆದಿತ್ತು. "ಮತ್ತೆ? ಇಂಥದ್ದೆಲ್ಲ ತಾನಾಗೇ ಆಗುತ್ತಾ ಮೇಡಂ?" ಅಂದ ಗೋಂದಪ್ಪ. "ಬಹಳ ವರ್ಷದ ಚಿಂತನೆ."

ಟೀಚರಮ್ಮ ಹೋದ ಮೇಲೆ ಮಗಳು ದಾರ ಕಡಿಯುತ್ತಾ ಕೇಳಿದಳು, "ಬೇಕೂಂತ ಮಾಡಿದ್ದಾ ಅಪ್ಪಾ?"

"ಮನಸ್ಸಿನ ಒಳಗೆ ಎಲ್ಲೋ ಇದ್ದಿರಬೇಕು ಕಣೇ. ಇಲ್ಲದಿದ್ದರೆ ಕೈ ಯಾಕೆ ಹಾಗೆ ಹೋಗುತ್ತೆ?" ಅಂದ ಅವನು, ಅವಳ ಕಡೆ ನೋಡದೆ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜನಕ್ಕೆ ಎಲ್ಲಾದರೂ ಬರವೇ? ಶಾಲೆಯವರು ಸಭೆಯಿಟ್ಟರು, ಗೋಂದಪ್ಪನೇ ಮುಖ್ಯ ಅತಿಥಿ. ಇಸ್ತ್ರಿ ಅಂಗಿ ತೊಟ್ಟು ವೇದಿಕೆಯಲ್ಲಿ ಕೂತ. ಶಾಲೆಯ ಕಮಿಟಿ ಅಧ್ಯಕ್ಷರು ಎರಡೂ ಪುಸ್ತಕ ಓದಿರಲಿಲ್ಲ, ಆದರೂ ಮುಕ್ಕಾಲು ಗಂಟೆ ಮಾತಾಡಿದರು. ಓದದೆ ಮಾತಾಡೋ ಕಲೆಯಲ್ಲಿ ತನಗಿಂತ ದೊಡ್ಡವರಿದ್ದಾರೆ ಅಂತ ಗೋಂದಪ್ಪನಿಗೆ ಅವತ್ತು ಗೊತ್ತಾಯಿತು. ಮಕ್ಕಳಲ್ಲಿ ಒಬ್ಬ ದುಂಡುಮುಖದ ಹುಡುಗ ಮೈಕಿನ ಮುಂದೆ ಬಂದು, "ನನಗೆ ಆ ಅಳೋ ಪುಟಗಳು ಇಷ್ಟ. ಹಡಗಲ್ಲಿ ಅಳಬಹುದು ಅಂತ ನನಗೆ ಗೊತ್ತಿರಲಿಲ್ಲ," ಅಂತ ಹೇಳಿ ಓಡಿಹೋದ. ಸಭೆ ನಕ್ಕಿತು. ಹಿಂದಿನ ಸಾಲಿನಲ್ಲಿ ಕೂತಿದ್ದ ಮಗಳು ಮಾತ್ರ ನಗಲಿಲ್ಲ.

ಆಮೇಲೆ ಗೋಂದಪ್ಪ ಎದ್ದ. "ಹೆಣ್ಣನ್ನ ನಾವು ಅಡುಗೆಮನೆಗೆ ಹೊಲಿದುಬಿಟ್ಟಿದ್ದೇವೆ! ಆ ಹೊಲಿಗೆ ಬಿಚ್ಚೋ ಕಾಲ ಬಂದಿದೆ!" ಅಂದ. ಚಪ್ಪಾಳೆಯೋ ಚಪ್ಪಾಳೆ. ಅವನ ಹೆಂಡತಿ ಪಕ್ಕದ ಕುರ್ಚಿಯವರ ಹತ್ತಿರ, "ಯಾರ್ರೀ ಇವರು? ಎಲ್ಲೋ ನೋಡಿದ ಹಾಗಿದೆ," ಅಂದಳು.

ಪ್ರಶ್ನೆ ಕೇಳಬಹುದು ಅಂತ ಟೀಚರಮ್ಮ ಅಂದಿದ್ದೇ ತಡ, ಮುಂದಿನ ಸಾಲಿನಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ನಿಂತಳು. "ನಿಮ್ಮ ಅಂಗಡಿಯಲ್ಲಿ ದೊಡ್ಡ ಚಕ್ರದ ಮಷೀನಿದೆಯಲ್ಲ ಅಂಕಲ್, ಅದನ್ನ ತಿರುಗಿಸೋದು ಯಾರು?"

ಗೋಂದಪ್ಪ ನಿಜ ಹೇಳೋಣ ಅಂತಲೇ ಬಾಯಿ ತೆರೆದ. ಆದರೆ ಚಪ್ಪಾಳೆಯ ರುಚಿ ಕೆಟ್ಟದ್ದು. "ಯಾರು ಅಂದ್ರೆ? ನನ್ನ ಮಗಳೇ!" ಅಂದುಬಿಟ್ಟ.

ಸಭೆಗೆ ಸಭೆಯೇ ಹಿಂದೆ ತಿರುಗಿ ಅವಳನ್ನ ನೋಡಿತು. ಟೀಚರಮ್ಮನ ಕಣ್ಣಲ್ಲಿ ನೀರು. "ನಾಳೆ ಬೆಳಿಗ್ಗೆಯೇ ಮಕ್ಕಳನ್ನ ಕರೆದುಕೊಂಡು ಬರ್ತೀನಿ ಸಾರ್. ಅವರು ಇದನ್ನ ಕಣ್ಣಾರೆ ನೋಡಬೇಕು!"

ಅವತ್ತು ರಾತ್ರಿ ಮನೆಯಲ್ಲಿ ಮೂವರೂ ಊಟಕ್ಕೆ ಕೂತರು.

"ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ," ಅಂದಳು ಹೆಂಡತಿ, ಗೋಡೆಗೆ ಹೇಳಿದ ಹಾಗೆ.

ಗೋಂದಪ್ಪ ಮಗಳ ಕಡೆ ತಿರುಗಿ ದನಿ ಮೆತ್ತಗೆ ಮಾಡಿದ. "ನಾಳೆ ಒಂದೇ ಒಂದು ಸಲ ಕಣಮ್ಮ. ಕಟ್ಟೆಲ್ಲ ನಾನೇ ಜೋಡಿಸಿ ಇಟ್ಟಿರ್ತೀನಿ. ನೀನು ಬಂದು ಚಕ್ರ ತಿರುಗಿಸು, ಸಾಕು. ಅಪ್ಪನ ಮರ್ಯಾದೆ ಪ್ರಶ್ನೆ."

"ಆಮೇಲೆ?"

"ಆಮೇಲೇನು? ಅವರು ಹೋಗ್ತಾರೆ, ನಮ್ಮ ಕೆಲಸ ನಮಗೆ."

ಮಗಳು ಕೈಯಲ್ಲಿದ್ದ ತುತ್ತು ತಟ್ಟೆಗೆ ಇಟ್ಟಳು. "ನೀನು ಆ ಪುಸ್ತಕ ಓದಿಲ್ಲ ಅಲ್ವಾ ಅಪ್ಪಾ? ಆ ಹುಡುಗಿಗೆ ಹಡಗು ಸಿಕ್ಕಿದ್ದು ನಿನ್ನ ಕೈತಪ್ಪಿನಿಂದ. ಅದೂ ಹದಿನಾರೇ ಪುಟ. ಅದು ಮುಗಿದ ಕೂಡಲೇ ಮತ್ತೆ ಬಂದು ಬಾಗಿಲ ಹಿಂದೆ ನಿಂತ್ಕೊಳ್ತಾಳೆ. ನನಗೆ ಹದಿನಾರು ಪುಟ ಬೇಡಪ್ಪ. ಕೊಡೋದಾದರೆ ಬೇಕೂಂತ ಕೊಡು. ಇಲ್ಲದಿದ್ದರೆ ಬಿಡು, ನಾನೇನೂ ಬೇಜಾರು ಮಾಡ್ಕೊಳ್ಳಲ್ಲ."

ಮಾಡ್ಕೊಳ್ಳಲ್ಲ ಅಂದಳು, ಆದರೆ ಕಣ್ಣು ತುಂಬಿತ್ತು. ಎದ್ದು ಕೈ ತೊಳೆಯೋಕೆ ಹೋದಳು. ಗೋಂದಪ್ಪನ ಬಾಯಲ್ಲಿದ್ದ ತುತ್ತು ಬಿಸಿ ತುಪ್ಪ ಆಯಿತು, ಉಗುಳೋ ಹಾಗೂ ಇಲ್ಲ, ನುಂಗೋ ಹಾಗೂ ಇಲ್ಲ.

ಬೆಳಗಾಗುತ್ತಲೇ ಅವನು ಅಂಗಡಿಗೆ ಹೋಗಿ, ಸೂಜಿದಾರದ ಪುಸ್ತಕದ ಮಿಕ್ಕಿದ್ದ ಒಂದು ಪ್ರತಿ ತೆಗೆದುಕೊಂಡು ಸ್ಟೂಲಿನ ಮೇಲೆ ಕೂತ. ಇಷ್ಟು ವರ್ಷದ ಕಸುಬಿನಲ್ಲಿ ಮೊದಲನೇ ಸಲ ಪುಸ್ತಕ ಓದಿದ. ಬೆರಳಿಟ್ಟು, ತುಟಿಯಾಡಿಸಿಕೊಂಡು, ನಿಧಾನವಾಗಿ. ಎಂಬತ್ತನೇ ಪುಟದಲ್ಲಿ ಅವಳು ಚುಕ್ಕಾಣಿ ಹಿಡಿದಿದ್ದಳು, ಅಲೆ ಮನೆಯೆತ್ತರ ಏಳ್ತಿತ್ತು. ಎಂಬತ್ತೊಂದನೇ ಪುಟದಲ್ಲಿ ಅಪ್ಪನಿಗೆ ಊಟ ಬಡಿಸಿ ಬಾಗಿಲ ಹಿಂದೆ ನಿಂತಿದ್ದಳು. ಗೋಂದಪ್ಪನಿಗೆ ಸಿಟ್ಟೇ ಬಂತು. "ಅಲ್ಲ, ಅಷ್ಟು ಚೆನ್ನಾಗಿ ನಡೆಸ್ತಿದ್ದವಳನ್ನ ಇಳಿಸಿದ್ದು ಯಾರು?" ಅಂತ ಜೋರಾಗೇ ಕೇಳಿದ. ಪುಟ ಹಿಂದೆ ತಿರುಗಿಸಿ ಹುಡುಕಿದ, ಯಾರೂ ಇಳಿಸಿರಲಿಲ್ಲ. ಎರಡು ಪುಟದ ನಡುವೆ ಒಣಗಿದ ಗೋಂದು ಇತ್ತು, ಅಷ್ಟೇ. ಅದನ್ನ ಹಚ್ಚಿದ್ದು ತಾನೇ ಅಂತ ಅವನಿಗೆ ಗೊತ್ತಿತ್ತು.

ಮಕ್ಕಳು ಬಂದರು, ಟೀಚರಮ್ಮ ಬಂದರು, ಗುಳಿಗೆ ತಿಂದು ಸುಸ್ತಾಗಿದ್ದ ಹಳೇ ಮೇಷ್ಟ್ರು ಹೆಂಡತಿಯ ಕೈ ಹಿಡಿದುಕೊಂಡು ಬಂದರು. ಅಣ್ಣನ ಮಗ ಮಷೀನಿಗೆ ಒರಗಿ ನಿಂತಿದ್ದ. ಮಗಳು ಎಂದಿನ ಹಾಗೆ ಬಂದು ತನ್ನ ಜಾಗದಲ್ಲಿ ಕೂತು ಹೊಲಿಗೆ ತೆಗೆದುಕೊಂಡಳು. ಬೀದಿಯವರು ಕಿಟಕಿಯಲ್ಲಿ ತಲೆ ತೂರಿಸಿದರು.

ಗೋಂದಪ್ಪ ಕೆಮ್ಮಿದ. "ಮೇಡಂ, ಒಂದು ಮಾತು. ಫಾರಂ ಬದಲಾಗಿದ್ದು ಚಿಂತನೆಯಿಂದ ಅಲ್ಲ, ಫ್ಯಾನಿನಿಂದ. ಮಗಳು ಎಚ್ಚರಿಕೆ ಹೇಳಿದ್ದಳು, ನಾನೇ ಬಾಯಿ ಮುಚ್ಚಿಸಿದೆ. ನಿನ್ನೆ ಹೇಳಿದ್ದೂ ಸುಳ್ಳು. ಈ ಚಕ್ರವನ್ನ ಇವತ್ತಿನ ತನಕ ಅವಳಿಗೆ ಮುಟ್ಟೋಕೂ ಬಿಟ್ಟಿಲ್ಲ."

ಟೀಚರಮ್ಮ ಅಲ್ಲೇ ಇದ್ದ ರಟ್ಟಿನ ರಾಶಿಯ ಮೇಲೆ ಕೂತುಬಿಟ್ಟರು. ಆಗ ಹಿಂದಿನಿಂದ ಒಂದು ಕೂಗು ಕೇಳಿತು.

"ಅಂದ್ರೆ ಅವನು ಗುಂಡಿ ಹೊಲಿದಿರಲಿಲ್ಲ!" ಹಳೇ ಮೇಷ್ಟ್ರು ಹೆಂಡತಿಯ ಕೈ ಕೊಡವಿ ಕುಣಿದೇಬಿಟ್ಟರು. "ನನ್ನ ತಲೆ ನೆಟ್ಟಗಿದೆ! ಕೇಳಿಸಿತೇನೇ? ಇನ್ನು ಚಹಾ ನಾನೇ ಮಾಡಿಕೊಳ್ತೀನಿ!"

"ಹೊಲಿದರೆ ಏನಾಗ್ತಿತ್ತು ತಾತ?" ಅಂದಳು ಎರಡು ಜಡೆಯ ಹುಡುಗಿ. ಮೇಷ್ಟ್ರು ಕುಣಿಯೋದು ನಿಲ್ಲಿಸಿ, ಇಡೀ ಜನ್ಮದಲ್ಲಿ ಯಾರೂ ತಮಗೆ ಹಾಕದ ಪ್ರಶ್ನೆಯನ್ನ ಯೋಚನೆ ಮಾಡೋಕೆ ಶುರುಮಾಡಿದರು.

"ತಪ್ಪಾಗಿರೋ ಪುಸ್ತಕ ವಾಪಸ್ ಕೊಡಿ ಮಕ್ಕಳೇ, ಸರಿಮಾಡಿ ಕೊಡ್ತೀನಿ," ಅಂದ ಗೋಂದಪ್ಪ. ಮಕ್ಕಳೆಲ್ಲ ಪುಸ್ತಕ ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು, ಒಬ್ಬರೂ ಕೊಡಲಿಲ್ಲ.

ಗೋಂದಪ್ಪ ಮಗಳ ಹತ್ತಿರ ಹೋಗಿ ನಿಂತ. "ಈ ಮಷೀನು ನಿಂದು ಕಣಮ್ಮ. ಅಂಗಡೀನೂ. ಇವರ ಮುಂದೆ ಹೇಳ್ತಿರೋದು ಚಪ್ಪಾಳೆಗಲ್ಲ, ನಾಳೆ ನಾನು ಮಾತು ತಿರುಗಿಸಬಾರದು ಅಂತ. ಕಲಿಸ್ಲಾ?"

ಅಯ್ಯೋ, ಅಣ್ಣನ ಮಗನಿಗೆ ಏನನ್ನಿಸುತ್ತೋ ಅಂತ ಎಲ್ಲರೂ ಆ ಕಡೆ ನೋಡಿದರು. ಹುಡುಗ ಉಸ್ಸಂತ ಉಸಿರುಬಿಟ್ಟ. "ಬದುಕಿದೆ ಚಿಕ್ಕಪ್ಪ! ನನಗೆ ಆ ಬ್ಲೇಡು ಕಂಡ್ರೆ ಕೈಕಾಲು ನಡುಗುತ್ತೆ. ಗಂಡಸಾಗಿ ಭಯ ಅಂತ ಹೇಳೋದು ಹೇಗೆ ಅಂತ ಸುಮ್ಮನಿದ್ದೆ." ದುಂಡುಮುಖದ ಹುಡುಗ ಅವನ ಪಕ್ಕಕ್ಕೆ ಹೋಗಿ ನಿಂತುಕೊಂಡ.

ಮಗಳು ಸೂಜಿಯನ್ನ ಹಾಳೆಗೆ ಚುಚ್ಚಿಟ್ಟು ತಲೆಯೆತ್ತಿದಳು. "ಕಲಿಸು. ಆದರೆ ಇವರೆಲ್ಲ ಹೋದ ಮೇಲೆ."

"ಅಯ್ಯೋ, ನಾವು ನೋಡೋಕೇ ಅಂತ ಬಂದಿದ್ದು!" ಅಂದರು ಟೀಚರಮ್ಮ.

"ಮುಂದಿನ ವಾರ ಬನ್ನಿ ಮೇಡಂ. ಮುಂದಿನ ವರ್ಷವೂ ಬನ್ನಿ. ನಾನು ಇಲ್ಲೇ ಇರ್ತೀನಿ."

ಗೊಣಗುತ್ತಾ ಜನ ಕರಗಿದರು. ಕಿಟಕಿಯ ತಲೆಗಳೂ ಹೋದವು. ಮಗಳು ಮಷೀನಿನ ಮೇಲಿದ್ದ ಚಹಾದ ಲೋಟ ತೆಗೆದು ಪಕ್ಕಕ್ಕಿಟ್ಟು, ಎದುರು ನಿಂತಳು. "ಮೊದಲು ಏನು ಮಾಡಬೇಕು?"

"ಮೊದಲು ನಿನ್ನ ಎರಡು ಕೈ ಎಲ್ಲಿವೆ ನೋಡ್ಕೋ. ಆಮೇಲೆ ಬ್ಲೇಡು ನೋಡು."

ರದ್ದಿ ಹಾಳೆಯ ಒಂದು ಕಟ್ಟು ಇಟ್ಟರು. ಅವಳು ಎರಡೂ ಕೈಯಲ್ಲಿ ಚಕ್ರ ಹಿಡಿದು, ಹಲ್ಲು ಕಚ್ಚಿ ತಿರುಗಿಸಿದಳು. ಬ್ಲೇಡು ಇಳಿಯಿತು. ಕಟ್ಟು ಒಂದು ಕಡೆಗೆ ಜಾರಿ, ಅಂಚು ಓರೆಕೋರೆ ಆಯಿತು.

"ಸೊಟ್ಟ ಆಯ್ತು," ಅಂದಳು. ದನಿ ಸಣ್ಣಗಾಗಿತ್ತು.

"ಇದಕ್ಕೇ ಹೇಳೋದು, ಹೆಂಗಸರು..." ಅನ್ನೋ ಮಾತು ಗೋಂದಪ್ಪನ ಬಾಯಿತನಕ ಬಂತು. ಅವನ ಅಪ್ಪ ಇದ್ದಿದ್ದರೆ ಹೇಳಿಯೇ ಬಿಡ್ತಿದ್ದರು. ಅವನು ಅದನ್ನ ಅಲ್ಲೇ ನುಂಗಿಕೊಂಡ.

"ಇನ್ನೊಂದು ಕಟ್ಟು ತಗೋ," ಅಂದ.